ಬೋರ್ಡಿನಿಂದ ತೆಗೆದ ಪದ

ಮೇಲಿನ ಸಾಲಿನ ಅಕ್ಷರಗಳು ಮೂರು ಅಂಗುಲ, ಕೆಳಗಿನ ಸಾಲಿನವು ಐದು. ಮೇಲೆ ‘ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು’ ಎಂದಿತ್ತು. ಕೆಳಗೆ ಟೀಪುಡಿಯ ಹೆಸರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಹೇಳದೆ ಕೇಳದೆ ಜೀಪಿನಲ್ಲಿ ಬಂದಿಳಿಯುವ ಸರ್ಕಾರಿ ಅಧಿಕಾರಿಗಳನ್ನು ತಡೆಯಲು ಪಾಂಡವಪುರ ಸುತ್ತಿನ ಹಸಿರು ಟವೆಲಿನ ರೈತರು ಊರಬಾಗಿಲಲ್ಲಿ ಇಂಥ ಬೋರ್ಡುಗಳನ್ನು ತಾವೇ ಬರೆದು ನಿಲ್ಲಿಸಿದ್ದರು. ಎರಡು ಮಳೆಗೆ ಅಕ್ಷರ ಅಳಿಸಿಹೋಗುತ್ತಿತ್ತು. ಇದನ್ನು ಕಂಡು ಬೆಂಗಳೂರಿನ ಟೀಪುಡಿ ಕಂಪನಿಯೊಂದಕ್ಕೆ ರೈತರ ಮೇಲೆ ಅಪಾರ ಪ್ರೀತಿ ಹುಟ್ಟಿತು. ತಗಡಿನ ಬೋರ್ಡು ಪುಕ್ಕಟೆ ಕೊಡುತ್ತೇವೆ ಎಂದಿತು. ಕೋಪ ರೈತರದು, ಬಣ್ಣ ಕಂಪನಿಯದು.

ಆ ಕಂಪನಿಯ ಶ್ರೀರಂಗಪಟ್ಟಣದ ಕಚೇರಿಯಲ್ಲಿ ಕನ್ನಡ ಬರೆಯುವವಳು ನಾನು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಸೇರಿ ಐದು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆದರೆ ನಾಗಮಂಗಲದ ಗಂಡಿನ ಕಡೆಯವರಿಗೆ ಒಂದು ವರ್ಷ ತಡೆಯಿರಿ ಎಂದು ಹೇಳಲು ಅಪ್ಪ ಒಪ್ಪಿದ್ದರು. ಇಲ್ಲವಾದರೆ ಆ ತಿಂಗಳ ಕೊನೆಯ ಭಾನುವಾರವೇ ಅವರು ನನ್ನನ್ನು ನೋಡಲು ಬರುವವರಿದ್ದರು. ಬೋರ್ಡಿನ ಕೆಲಸ ಸಲೀಸಾಗಿ ಮುಗಿದರೆ ಶಿಫಾರಸು ಮಾಡುತ್ತೇನೆಂದು ಮ್ಯಾನೇಜರು ಮಾತು ಕೊಟ್ಟಿದ್ದರು.

ಕಂಪನಿಗೆ ಅಭಿಪ್ರಾಯಗಳ ಕೊರತೆ ಇರಲಿಲ್ಲ. ಬೋರ್ಡಿನ ಒಕ್ಕಣೆ ಬರೆದ ದಿನವೇ ತಾಲ್ಲೂಕು ಕಚೇರಿಗಳಿಗೆ ಹಂಚುವ ಕ್ಯಾಲೆಂಡರಿಗೂ ಒಂದು ಸಾಲು ಬರೆದುಕೊಟ್ಟೆ: ‘ನಾಡು ನಡೆಸುವ ದಕ್ಷ ಅಧಿಕಾರಿಗಳಿಗೆ ನಮನ’. ಊಟಕ್ಕೆ ಮುಂಚೆ ಅವರನ್ನು ಓಡಿಸಿ, ಊಟವಾದ ಮೇಲೆ ನಮಿಸಿದ್ದೆ.

ಬೋರ್ಡಿಗೆ ನಾನು ಮೊದಲು ಬರೆದದ್ದು ‘ಸರ್ಕಾರಿ ಅಧಿಕಾರಿಗಳು’ ಎಂದೇ. ಬೆಂಗಳೂರಿನಿಂದ ಫ್ಯಾಕ್ಸ್ ಬಂತು. ಕಂಪನಿ ರೈತರ ಪರವಂತೆ, ಆದರೆ ಸರ್ಕಾರದ ವಿರುದ್ಧವಲ್ಲವಂತೆ. ‘ಸರ್ಕಾರಿ’ ಪದ ತೆಗೆಯಬೇಕಂತೆ. ತೆಗೆದೆ. ವ್ಯಾಕರಣವೇನೂ ಕೆಡಲಿಲ್ಲ.

ಮೊದಲ ಬೋರ್ಡು ಕ್ಯಾತನಹಳ್ಳಿ ದಾಟಿ ಸಿಗುವ ಒಂದು ಸಣ್ಣ ಊರಿಗೆ. ಕಾಗುಣಿತ ನೋಡಲೆಂದು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡರು. ಕಂಬ ನೆಟ್ಟಾಯಿತು. ಊರೊಳಗೆ ಎಲ್ಲರಿಗೂ ಟೀ ಕುಡಿಸಲು ಬೆಂಗಳೂರಿನಿಂದ ಬಂದಿದ್ದ ಕಂಪನಿಯ ಯುವಕ, ಹಸಿರು ಟವೆಲಿನ ಹಿರಿಯರೊಬ್ಬರಿಗೆ ತನ್ನ ಕಾರ್ಡು ಕೊಟ್ಟ. ಅದನ್ನೂ ಕನ್ನಡಕ್ಕೆ ತಂದವಳು ನಾನೇ: ‘ಮಾರಾಟ ಅಧಿಕಾರಿ’.

ಹಿರಿಯರು ಕಾರ್ಡು ಓದಿದರು. ತಲೆಯೆತ್ತಿ ಬೋರ್ಡು ಓದಿದರು. ಮತ್ತೆ ಕಾರ್ಡು ಓದಿದರು.

“ನೀವೂ ಅಧಿಕಾರಿನೇ ಅನ್ನಿ. ಅಪ್ಪಣೆ ತಗಂಡಿದ್ದೀರಾ?”

ಅದು ಸರ್ಕಾರದವರಿಗೆ ಮಾತ್ರ ಎಂದು ಆತ ನಕ್ಕ.

“ಸರ್ಕಾರ ಅಂತ ಎಲ್ಲೈತೆ ತೋರ್ಸಿ ಸ್ವಾಮಿ. ನಿಮ್ದೇ ಬೋರ್ಡು, ನಿಮ್ದೇ ಬಣ್ಣ.”

ಪಕ್ಕದಲ್ಲಿದ್ದವನೊಬ್ಬ, “ಓಗ್ಲಿ ಬುಡಣ್ಣ, ಟೀ ಕುಡ್ಸಕ್ಕೆ ಬಂದವ್ರೆ,” ಎಂದ.

“ಕುಡಿಸ್ಲಿ ಕಣ್ಲಾ, ಬ್ಯಾಡ ಅಂದೋರ್ಯಾರು? ಬೋರ್ಡಿನಾಚೆ ಒಲೆ ಹೂಡ್ಲಿ.”

ಒಲೆ ಬೋರ್ಡಿನಾಚೆಯೇ ಹೂಡಲಾಯಿತು. ಊರವರು ಬಂದು ಕುಡಿದರು, ಸಕ್ಕರೆ ಸಾಲದೆಂದರು, ಒಳಗೆ ಹೋದರು. ಮಾರಾಟ ಅಧಿಕಾರಿ ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದ. ನಾನು ಯಾವ ಅಧಿಕಾರಿಯೂ ಅಲ್ಲದ್ದರಿಂದ ಊರೊಳಗೆ ಹೋಗಿ ನೀರು ಕುಡಿದು ಬಂದೆ.

ಎರಡೇ ದಿನದಲ್ಲಿ ಸುದ್ದಿ ಹಬ್ಬಿ, ಉಳಿದ ಊರುಗಳೂ ಬೋರ್ಡು ನೆಡಿಸಿಕೊಂಡು ಕಂಪನಿಯವರನ್ನೇ ‘ಅಪ್ಪಣೆ ಎಲ್ಲಿ’ ಎಂದು ಕೇಳತೊಡಗಿದವು. ಬೆಂಗಳೂರಿಗೆ ತಪ್ಪಿತಸ್ಥರೊಬ್ಬರು ಬೇಕಾದರು. ಮ್ಯಾನೇಜರು ನನ್ನನ್ನು ಕರೆದು ಕುರ್ಚಿ ತೋರಿಸಿದರು. ಅದುವರೆಗೆ ಒಮ್ಮೆಯೂ ತೋರಿಸಿರಲಿಲ್ಲ.

“ಆ ಪದ ನನ್ನಿಂದ ಬಿಟ್ಟೋಯ್ತು ಅಂತ ಒಂದು ಸಾಲು ಬರ್ಕೊಡಮ್ಮ. ನಿನ್ನ ಖಾಯಂ ಕಾಗದಕ್ಕೆ ನಾಳೆನೇ ಬರೀತೀನಿ.”

ಬೆಳಿಗ್ಗೆ ಕೊಡುತ್ತೇನೆ ಎಂದೆ. ಒಂದು ಸಾಲಿಗೆ ಒಂದು ವರ್ಷ; ಇಷ್ಟು ಒಳ್ಳೆಯ ವ್ಯವಹಾರ ಆ ಕಂಪನಿ ಬೇರೆ ಯಾರೊಂದಿಗೂ ಮಾಡಿರಲಾರದು. ಐದು ತಿಂಗಳಲ್ಲಿ ನಾನು ಅವರಿಗೆ ಬರೆದುಕೊಟ್ಟದ್ದರಲ್ಲಿ ನಿಜವಾದ ಸಾಲೊಂದೂ ಇರಲಿಲ್ಲ, ಆದರೆ ಯಾವುದರ ಕೆಳಗೂ ನನ್ನ ಸಹಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಟೈಪು ಮಾಡಿದೆ: ‘ಪದ ಬಿಟ್ಟುಹೋಗಿಲ್ಲ, ತೆಗೆಯಲಾಗಿದೆ. ತೆಗೆಯಲು ಹೇಳಿ ಬಂದ ಫ್ಯಾಕ್ಸಿನ ನಕಲು ಲಗತ್ತಿಸಿದೆ.’ ಸಹಿ ಹಾಕಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ನಾಗಮಂಗಲದವರು ಬರುವ ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಕೆ.ಆರ್. ಪೇಟೆಯ ಬಸ್ಸು ಹತ್ತಿ, ಅಲ್ಲಿನ ಕಾಲೇಜಿನಲ್ಲಿ ಕನ್ನಡದ ಅರೆಕಾಲಿಕ ಉಪನ್ಯಾಸಕಿಯ ಕೆಲಸಕ್ಕೆ ಅರ್ಜಿ ಬರೆದುಕೊಟ್ಟೆ.