ಯಾಡಿಯ ಮಾತು ತಿಳಿಯದ ಆರೈಕೆ

ಹುಲಿಹೈದರದ ಹತ್ತಿರದ ನಮ್ಮ ತಾಂಡಾದಲ್ಲಿ ಮುದುಕರಿಗೂ ಅಂಗವಿಕಲರಿಗೂ ಹಗಲು ಆರೈಕೆ ಕೇಂದ್ರ ಬೇಕೆಂದು ಅರ್ಜಿ ಬರೆದವಳು ನಾನೇ. ಪುನರ್ವಸತಿ ಕಾರ್ಯಕರ್ತೆಯಾಗಿ, ಪೋಲಿಯೊದಿಂದ ಸೋತ ಎಡಗಾಲು ಎಳೆದುಕೊಂಡು ಮನೆಮನೆ ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ. ಎರಡು ವರ್ಷ ಅಲೆದ ಮೇಲೆ ಒಂದು ಸಂಸ್ಥೆ ಒಪ್ಪಿ ಸಮುದಾಯ ಭವನದಲ್ಲಿ ಆರು ಮಂಚ ಹಾಕಿತು. ನೋಡಿಕೊಳ್ಳಲು ಗಂಗಾವತಿಯಿಂದ ತರಬೇತಿಯಾದ ಒಬ್ಬ ಹೆಣ್ಣುಮಗಳನ್ನು ಕಳಿಸಿತು. ಒಳ್ಳೆಯವಳೇ. ಆದರೆ ಆಕೆಗೆ ನಮ್ಮ ಲಂಬಾಣಿ ಮಾತು ಬಾರದು.

ಪಕ್ಕದ ಮನೆಯ ಮುದುಕಿಯನ್ನು ನಾನು ಯಾಡಿ, ಅಂದರೆ ತಾಯಿ, ಎಂದೇ ಕರೆಯುತ್ತೇನೆ. ಲಕ್ವಾ ಹೊಡೆದ ಮೇಲೆ ಸಂತೆಯಲ್ಲಿ ಕಲಿತ ಕನ್ನಡವೆಲ್ಲ ಹೋಗಿ, ಆಕೆಗೆ ಹುಟ್ಟಿದ ಮಾತೊಂದೇ ಉಳಿದಿತ್ತು. ಕೇಂದ್ರ ತೆರೆದ ಎರಡನೇ ವಾರ ನಾನು ಹೋದಾಗ, ಯಾಡಿ ಒದ್ದೆ ಹಾಸಿಗೆಯಲ್ಲಿ ಗೋಡೆಯತ್ತ ಮುಖ ತಿರುಗಿಸಿ ಮಲಗಿದ್ದಳು. ಹೊರಗೆ ಕರೆದುಕೊಂಡು ಹೋಗೆಂದು ಬೆಳಿಗ್ಗೆಯಿಂದ ಕೇಳಿದ್ದಳಂತೆ. ಅದನ್ನು ಕನ್ನಡದಲ್ಲಿ ತಿಳಿಸಲು ಅಂದು ತಾಂಡಾದ ಬೇರೆ ಯಾರೂ ಬಂದಿರಲಿಲ್ಲ. ಕೇಂದ್ರದ ದಿನಚರಿ ವಹಿಯಲ್ಲಿ ಮಾತ್ರ ಬರೆದಿತ್ತು: ‘ಅಜ್ಜಿ ಸಹಕರಿಸುವುದಿಲ್ಲ, ಸುಮ್ಮನೆ ಕೂಗುತ್ತಾರೆ.’

“ಏನ್ ಕೇಳಾಕತ್ತಾರಂತ ನನಗ ತಿಳೀಲಿಲ್ರಿ ಅಕ್ಕಾ,” ಎಂದು ಗಂಗಾವತಿಯವಳು ಅತ್ತಳು. ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಕಳಿಸಿದವರ ಮೇಲೆ ಬಂತು.

ಮರುದಿನ ಸಂಸ್ಥೆಯ ಸಾಹೇಬರು ಬಂದಾಗ ಆ ವಹಿಯನ್ನು ಅವರ ಮುಂದೆ ಎಸೆದೆ. “ಸಹಕಾರ ಕೊಡವಲ್ಲದವರು ಯಾರ್ರಿ ಸಾಹೇಬ್ರ? ಆಕಿನೊ, ನೀವೊ?”

ಯಾಡಿಯ ಸೊಸೆಯನ್ನೇ ಕೆಲಸಕ್ಕೆ ತೆಗೆದುಕೊಳ್ಳಿ ಎಂದೆ. ಲಕ್ವಾ ಹೊಡೆದಂದಿನಿಂದ ಕೇಂದ್ರ ತೆರೆಯುವವರೆಗೂ ಕೂಲಿ ಬಿಟ್ಟು ಅತ್ತೆಯನ್ನು ಎತ್ತಿ, ತೊಳೆದು, ಉಣಿಸಿದವಳು ಅವಳೇ.

“ಆಕಿ ಸಾಲಿ ಕಲಿತಿಲ್ಲ. ಹತ್ತನೇತ್ತ ಪಾಸಾಗಿರಬೇಕಂತ ನಿಯಮ ಐತಿ, ನೋಡ್ರಿ.”

“ಮುದುಕಿ ಕುಂಡಿ ತೊಳ್ಯಾಕ ಹತ್ತನೇತ್ತ ಯಾಕ ಬೇಕ್ರಿ?”

ಸಾಹೇಬರು ಜೀಪು ಹತ್ತಿದರು. ಸುದ್ದಿ ತಿಳಿದ ತಾಂಡಾದ ಹೆಂಗಸರು ಹಿರಿಯರನ್ನು ಕಳಿಸುವುದನ್ನೇ ಬಿಟ್ಟರು. ಹತ್ತು ದಿನ ಮಂಚಗಳು ಖಾಲಿ ಬಿದ್ದವು. ಕೇಂದ್ರ ನೋಡಲು ಸಂಸ್ಥೆಯ ದೊಡ್ಡವರು ಬರುವವರಿದ್ದರು. ಆಗ ಸಾಹೇಬರು ಮೆತ್ತಗಾದರು. ಸೊಸೆಯನ್ನು ತೆಗೆದುಕೊಂಡರು, ಕಾಗದದಲ್ಲಿ ಮಾತ್ರ ‘ಅಡುಗೆ ಸಹಾಯಕಿ’ ಎಂದು.

ಈಗ ಯಾಡಿ ದಿನಾ ಬರುತ್ತಾಳೆ. ಸೊಸೆ ಎಲ್ಲರನ್ನೂ ನೋಡಿಕೊಳ್ಳುತ್ತಾಳೆ, ಗಂಗಾವತಿಯವಳಿಗೆ ನಮ್ಮ ಮಾತನ್ನೂ ಕಲಿಸುತ್ತಾಳೆ. “ಕೆಲಸ ಆತಲ್ಲ, ಇನ್ನ ಸುಮ್ಕಿರು,” ಎನ್ನುತ್ತಾರೆ ಮನೆಯವರು. ಹೇಗೆ ಸುಮ್ಮನಿರಲಿ? ಪ್ರತಿ ತಿಂಗಳ ವರದಿಯಲ್ಲಿ ಸೊಸೆಯ ಹೆಸರಿನ ಮುಂದೆ ಅಡುಗೆ ಎಂದಿರುತ್ತದೆ. ಆ ಕೇಂದ್ರದಲ್ಲಿ ಒಲೆಯೇ ಇಲ್ಲ.