ಬಸವಕಲ್ಯಾಣದಲ್ಲಿ ಸ್ಲ್ಯಾಬ್ ಹಾಕಿದ ದಿನ

ಹುಮನಾಬಾದಿನಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಬಸವಕಲ್ಯಾಣ ಮೂವತ್ತು ಕಿಲೋಮೀಟರಿನ ಆಸುಪಾಸು. ಆದರೂ ದಾರಿ ಸವೆಯಲೊಲ್ಲದು. ಕುಡಿತ ಬಿಟ್ಟವರು ಸಂಜೆ ಹೊತ್ತು ಬಂದು ಕೂಡಲೆಂದು ನನ್ನ ತಮ್ಮ, ಗಾರೆ ಕೆಲಸದ ಗೌಂಡಿ ಮಲ್ಲು, ಅಲ್ಲೊಂದು ಮನೆ ಕಟ್ಟುತ್ತಿದ್ದ. ಅಂದು ಅದರ ಸ್ಲ್ಯಾಬ್. ನಮ್ಮ ಕಡೆ ಸ್ಲ್ಯಾಬಿನ ದಿನ ಮಾಲೀಕ ಕೆಲಸಗಾರರಿಗೆ ಕುಡಿಸಲೇಬೇಕು. ಮಲ್ಲು ಹಿಂದೆ ಎರಡು ಸಲ ಕುಡಿತ ಬಿಟ್ಟಿದ್ದ. ಎರಡು ಸಲವೂ ಅವನನ್ನು ಕೆಡಿಸಿದ್ದು ಈ ಹಾಳು ರಿವಾಜೇ. ಈಗ ಬಿಟ್ಟು ಹತ್ತು ತಿಂಗಳು. ಕಟ್ಟಡ ನೋಡಲು ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದೆ. ಶುದ್ಧ ಸುಳ್ಳು! ಅವನನ್ನು ಕಾಯಲು ಹೊರಟಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ, ಚಹಾ ಮುಗಿಸಿ ನಾರಾಯಣಪುರದ ದಾರಿಗೆ ಇಪ್ಪತ್ತು ರೂಪಾಯಿ ಕೊಟ್ಟು ಆಟೊ ಹತ್ತಿದೆ. ಬಿಸಿಲು ಆಗಲೇ ಚುರ್ ಎನ್ನುತ್ತಿತ್ತು.

ನಾನು ಡ್ರಾಯಿಂಗ್ ಟೀಚರ್. ಆ ಮನೆಯ ನಕ್ಷೆ ನನ್ನದೇ. ಶಾಂತವಾಗಿರಲೆಂದು ಒಬ್ಬೊಬ್ಬರಿಗೆ ಒಂದೊಂದು ಮೂಲೆ ಬರೆದುಕೊಟ್ಟಿದ್ದೆ. ಮಲ್ಲು ಅದನ್ನೆಲ್ಲ ಹೊಡೆದುಹಾಕಿ, ನಡುವೆ ಒಂದೇ ಉದ್ದ ಕಟ್ಟೆ, ಪಕ್ಕಕ್ಕೆ ಚಹಾದ ಒಲೆ ಎಂದು ಗೀಟು ಎಳೆದಿದ್ದ. ರಸ್ತೆಗಿದ್ದರೆ ವೈನ್ ಶಾಪಿನ ಬೋರ್ಡ್ ಕಾಣುತ್ತದೆಂದು ಬಾಗಿಲನ್ನು ಬೇವಿನ ಮರದ ಕಡೆ ಇಟ್ಟಿದ್ದ.

"ಒಬ್ಬನೇ ಕುಂತ್ರ ತಲ್ಯಾಗ ಅದೇ ಬರ್ತದ ಅಕ್ಕಾ. ಸಂಜಿ ಆರಕ್ಕ ಕೈಯಾಗ ಒಂದು ಕಪ್ಪು ಇರಬೇಕು, ಬಾಜೂಕ ಒಬ್ಬ ಮನಷ್ಯಾ ಇರಬೇಕು," ಎಂದಿದ್ದ ಆಗ. ಓದಿದವಳು ನಾನು, ನನಗಿದು ಹೊಳೆದೇ ಇರಲಿಲ್ಲ.

ಆಟೊ ಇಳಿದವಳು ಬೇವಿನ ನೆರಳಲ್ಲಿ ಕೂತು ಕೆಲಸ ನೋಡಿದೆ. ಮೂರು ಗಂಟೆಗೆ ಸ್ಲ್ಯಾಬ್ ಮುಗಿಯಿತು. ಜಾಗ ಕೊಟ್ಟ ಗುರಪ್ಪ ಕಾಕಾ ನಗುನಗುತ್ತ ಕೈಚೀಲ ತಂದರು. ಒಳಗೆ ಬಾಟಲಿಗಳ ಸದ್ದು! ಪಾಪ, ರಿವಾಜು ತಪ್ಪಬಾರದೆಂದು ತಂದಿದ್ದರು. ಕಾಂಕ್ರೀಟಿನ ಆಳುಗಳ ಮುಖ ಅರಳಿತು. ನಾನು ಎದ್ದು ಮಲ್ಲುವಿನ ಪಕ್ಕಕ್ಕೆ ಹೋಗಿ ನಿಂತೆ.

ಮಲ್ಲು ಚೀಲ ಇಸಿದುಕೊಂಡ. "ಕಾಕಾ, ಈ ಮನಿ ಯಾರ ಸಲುವಾಗಿ ಕಟ್ಟಾಕತ್ತೇವ್ರಿ?"

ಕಾಕಾ ನಾಲಿಗೆ ಕಚ್ಚಿಕೊಂಡರು. "ಅಯ್ಯ ಶಿವನ! ನನ್ನ ಅಕಲ್ ಎಲ್ಲಿ ಹೋಗಿತ್ತಪ್ಪಾ!"

"ಇರ್ಲಿ ಬಿಡ್ರಿ. ಬಾಯಿ ಸಿಹಿ ಮಾಡೂಣು," ಎಂದು ಚೀಲವನ್ನು ಅವರ ಕೈಗೇ ಮರಳಿಸಿ, ಬೇವಿನ ಕೆಳಗಿದ್ದ ಪಾತೇಲಿಯ ಮುಚ್ಚಳ ತೆಗೆದ. ಬೆಳಿಗ್ಗೆಯೇ ಗೋಧಿ ಹುಗ್ಗಿ ಮಾಡಿಸಿಟ್ಟಿದ್ದ! ಒಬ್ಬ ಆಳು ಗೊಣಗಿದ. ಮಲ್ಲು ಅವನಿಗೇ ಮೊದಲು ಬಡಿಸಿ ತುಪ್ಪ ಸುರಿದ. ಆಸಾಮಿ ಮತ್ತೊಮ್ಮೆ ತಾಟು ಚಾಚಿದ.

ಐದರ ಬಸ್ಸಿಗೆ ನನ್ನನ್ನು ಹತ್ತಿಸಿ, ಕಿಟಕಿ ಹಿಡಿದು ನಿಂತ. "ನನ್ನ ಕಾಯಾಕ ಬಂದಿದ್ದಿ ಅಂತ ಗೊತ್ತದ ಅಕ್ಕಾ. ಮುಂದಿನ ಸ್ಲ್ಯಾಬಿಗಿ ಬರೇ ಉಣ್ಣಾಕ ಬಾ."

ಬಸ್ಸು ಬಿಟ್ಟಿತು. ಪಕ್ಕದಲ್ಲಿ ಕೂತ ಹೆಂಗಸು ಯಾರೋ ಏನೋ, ಕೇಳಿಯೂ ಇರಲಿಲ್ಲ. ಆದರೂ ಅವಳ ಕಡೆ ತಿರುಗಿ, "ಅಂವ ನನ್ನ ತಮ್ಮ ರೀ," ಎಂದೆ.