ನೀಲಿ ದಾರದ ಉಂಡೆ

ಬೇತಮಂಗಲದ ಚಿಕ್ಕಮ್ಮನ ಬಳಿ ಬೋಳುಕತ್ತಿನ ಕೋಳಿಗಳಿದ್ದವು. ಅವಳ ಅತ್ತೆಯ ಕಾಲದಿಂದ ಅದೇ ತಳಿ. ಯಾರಿಗೂ ಮಾರುತ್ತಿರಲಿಲ್ಲ, ಕೇಳಿದರೆ ಮಾತು ಬದಲಾಯಿಸುತ್ತಿದ್ದಳು. ನಾನು ಎರಡು ವರ್ಷ ಬೆನ್ನು ಬಿದ್ದ ಮೇಲೆ ಇನ್ನೂ ಮೊಟ್ಟೆಗೆ ಬಾರದ ಒಂದು ಕೆಂಪು ಹ್ಯಾಟೆ ಕೊಟ್ಟಳು. ವೈರ್ ಬುಟ್ಟಿಯಲ್ಲಿ ಕೂರಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನಂದಿದುರ್ಗ ಗಣಿಯ ಸಾಲುಮನೆಗಳಲ್ಲಿದ್ದ ನಮ್ಮ ಲೈನ್ ಮನೆಗೆ ತಂದೆ.

ನನ್ನ ಹಿತ್ತಿಲಿನಲ್ಲಿ ಆಗಲೇ ಐದು ಕೋಳಿ, ಒಂದು ಹುಂಜ. ಹೊಸಬಳನ್ನು ಕಂಡದ್ದೇ ಐದೂ ಒಟ್ಟಾಗಿ ಮೇಲೆ ಬಿದ್ದವು. ಬೋಳು ಕತ್ತು ಬೇರೆ, ಕುಕ್ಕಲು ಹೇಳಿ ಮಾಡಿಸಿದ ಜಾಗ. ರಕ್ತ ಬಂತು. ನನಗೆ ಸಂಕಟವಾಗಿ ಅದನ್ನು ಎತ್ತಿ ತಂದು, ಜಗಲಿಯಲ್ಲಿ ನಾನು ಬಟ್ಟೆ ಹೊಲಿಯುವ ಮಿಷನ್ನಿನ ಕಾಲಿಗೆ ಕಟ್ಟಿದೆ. ಒಂದು ವಾರ ಇಲ್ಲೇ ಇರಲಿ, ಮನೆ ಅಭ್ಯಾಸವಾಗಲಿ ಎಂದುಕೊಂಡೆ. ಸ್ಕೂಲು ಶುರುವಾಗುವ ದಿನಗಳು, ಯೂನಿಫಾರಂ ಬಟ್ಟೆ ರಾಶಿ ಬಿದ್ದಿತ್ತು. ನಾನು ಮೇಲೆ ತುಳಿಯುತ್ತಿದ್ದೆ, ಅದು ಕೆಳಗೆ ಕೆದಕುತ್ತಿತ್ತು. ಒಳ್ಳೆ ಜೊತೆ ಸಿಕ್ಕಿತು ಅನ್ನಿಸಿತ್ತು.

ಆರನೆಯ ದಿನ ಅದು ಕಾಳು ಮುಟ್ಟಲಿಲ್ಲ. ಕಣ್ಣು ಮುಚ್ಚಿ, ರೆಕ್ಕೆ ಜೋತುಬಿಟ್ಟು ಮುದುಡಿಕೊಂಡು ನಿಂತಿತು. ನಮ್ಮತ್ತೆ ದೂರದಿಂದ ನೋಡಿಯೇ ತೀರ್ಮಾನ ಕೊಟ್ಟರು.

“ಕೊಕ್ಕರೆ ರೋಗ. ಇವತ್ತೇ ಕುಯ್ದಾಕು. ಸತ್ರೆ ಯಾವುದಕ್ಕೂ ಬರಾಕಿಲ್ಲ, ನಿನ್ ಐದನ್ನೂ ಕರ್ಕಂಡು ಓಯ್ತದೆ.”

ಕೊಕ್ಕರೆ ರೋಗ ಎಂದರೆ ಹಿತ್ತಿಲಿಗೆ ಹಿತ್ತಿಲೇ ಖಾಲಿ. ನನಗೆ ತಲೆ ಕೆಟ್ಟಿತು. ಅಲ್ಲೇ ನಿಂತು ಚಿಕ್ಕಮ್ಮನಿಗೆ ಫೋನ್ ಹಚ್ಚಿದೆ.

“ರೋಗದ ಕೋಳೀನ ನನ್ ತಲೆಗೆ ಕಟ್ಟಿದ್ಯಲ್ಲ! ನನ್ ಮನೇಲಿರೋವೂ ಸಾಯ್ಲಿ ಅಂತಾನಾ?”

“ಇಲ್ಲೆಲ್ಲಾ ಚೆಂದಾಗವೆ ಕಣೇ...” ಎಂದು ಅವಳು ಏನೋ ಹೇಳಲು ಹೊರಟಳು. ನಾನು ಕೇಳಿಸಿಕೊಳ್ಳದೆ ಕಟ್ ಮಾಡಿದೆ.

ಬೈದು ಮುಗಿದ ಮೇಲೆಯೇ ನಾನು ಕೋಳಿಯನ್ನು ಸರಿಯಾಗಿ ನೋಡಿದ್ದು. ಸೀನುತ್ತಿರಲಿಲ್ಲ, ಕತ್ತು ತಿರುಚಿಕೊಂಡಿರಲಿಲ್ಲ, ಹಿಕ್ಕೆ ಹಸಿರಾಗಿರಲಿಲ್ಲ. ಆದರೆ ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲ ಉಬ್ಬಿ ಕಲ್ಲಾಗಿತ್ತು. ರಾತ್ರಿ ಕಳೆದರೆ ಕರಗಿ ಖಾಲಿಯಾಗಬೇಕಾದ ಚೀಲ ಅದು. ಒಳಗೆ ಏನೋ ಸಿಕ್ಕಿಕೊಂಡಿದೆ, ರೋಗವಲ್ಲ. ಹಾಗಾದರೆ ಇದನ್ನು ಕುಯ್ಯಲು ಬಿಡುವುದಿಲ್ಲ ಎಂದು ಅತ್ತೆಗೆ ಹೇಳಿದೆ.

ಎಳ್ಳೆಣ್ಣೆ ಕುಡಿಸಿದೆ. ಚೀಲವನ್ನು ಬೆರಳಿನಿಂದ ನೀವಿದೆ, ಗಂಟೆಗೊಮ್ಮೆ, ಹೊಲಿಗೆ ನಿಲ್ಲಿಸಿ ನಿಲ್ಲಿಸಿ. ಕಲ್ಲು ಕಲ್ಲಾಗಿಯೇ ಇತ್ತು. ಮಾರನೆಯ ದಿನ ಭಾನುವಾರ, ದನದ ಆಸ್ಪತ್ರೆಗೆ ಬೀಗ. ಸೋಮವಾರದ ತನಕ ಅದು ಉಳಿಯುವ ಲಕ್ಷಣವಿರಲಿಲ್ಲ. ನಮ್ಮಮ್ಮ ಹಿಂದೆ ಒಂದು ಕೋಳಿಯ ಚೀಲ ಕುಯ್ದು ಹೊಲಿದದ್ದನ್ನು ನೋಡಿದ್ದೆ. ಬ್ಲೌಸ್ ಹೊಲಿಯುವ ನನಗೆ ಅಷ್ಟು ಬರುವುದಿಲ್ಲವೇ? ಹೊಸ ಬ್ಲೇಡು, ಸಣ್ಣ ಸೂಜಿ, ದಾರ ಎಲ್ಲವನ್ನೂ ನೀರಿನಲ್ಲಿ ಕುದಿಸಿದೆ. ಅರಿಶಿನ ಕಲಸಿಟ್ಟೆ.

“ನೀನು ನಿಜ್ವಾಗ್ಲೂ ಮಾಡ್ತೀಯಾ?” ಎಂದರು ಅತ್ತೆ.

“ಮಾಡ್ತೀನಿ. ನೀವು ಇಡ್ಕಳಿ.”

ಬಯ್ಯುತ್ತಲೇ ಸೆರಗು ಸಿಕ್ಕಿಸಿಕೊಂಡು ಬಂದು, ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಗಟ್ಟಿಯಾಗಿ ಹಿಡಿದರು. ಬ್ಲೇಡು ಚರ್ಮಕ್ಕೆ ತಾಗಿಸಿ ಎಳೆದೆ. ಚರ್ಮ, ಅದರ ಕೆಳಗೆ ಚೀಲ, ಒಂದು ಅಂಗುಲದಷ್ಟು. ಹುಳಿ ನಾತ ಬಂತು. ಬೆರಳು ಹಾಕಿ ಎಳೆದರೆ ರಾಗಿ, ಹುಲ್ಲಿನ ಕಡ್ಡಿ, ಆಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ.

ನೀರಿನಲ್ಲಿ ತೊಳೆದೆ. ದಾರ. ಪೂರ್ತಿ ದಾರ. ಅಲ್ಲಲ್ಲಿ ಬಿಳಿ, ಉಳಿದದ್ದೆಲ್ಲ ಯೂನಿಫಾರಮ್ಮಿನ ನೀಲಿ. ಆರು ದಿನ ನಾನು ಕತ್ತರಿಸಿ ಕತ್ತರಿಸಿ ಕೆಳಗೆ ಬಿಟ್ಟದ್ದನ್ನು ಅದು ಹುಳುವೆಂದು ತಿಂದಿತ್ತು. ಅತ್ತೆ ಉಂಡೆಯನ್ನು ನೋಡಿದರು, ಮಿಷನ್ನನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆದರೆ ಆಗ ಅಳುವ ಹೊತ್ತಲ್ಲ. ಲೈನಿಂಗ್ ಬೇರೆ, ಮೇಲುಬಟ್ಟೆ ಬೇರೆ ಹೊಲಿಯುವ ಹಾಗೆ ಮೊದಲು ಚೀಲಕ್ಕೆ, ಆಮೇಲೆ ಚರ್ಮಕ್ಕೆ ಒಂದೊಂದೇ ಗಂಟು ಹಾಕಿ ಹೊಲಿದೆ. ಅರಿಶಿನ ಹಚ್ಚಿ, ರಟ್ಟಿನ ಡಬ್ಬದಲ್ಲಿ ಮಲಗಿಸಿದೆ. ಸಂಜೆ ಎರಡು ಚಮಚ ಗಂಜಿ ಇಳಿಯಿತು. ಬೆಳಗ್ಗೆ ಮುಟ್ಟಿ ನೋಡಿದರೆ ಚೀಲ ಖಾಲಿ. ಖುಷಿಗೆ ಅತ್ತೆಯನ್ನು ತಬ್ಬಿಕೊಂಡೆ.

ಮತ್ತೆ ಫೋನ್ ಹಚ್ಚಿದೆ. ತಪ್ಪು ನಂದೇ, ರೋಗ ಅಲ್ಲ, ನನ್ ದಾರ ಎಂದೆ.

“ಎಲ್ಲಾ ಕೊಟ್ಬಿಟ್ನಲ್ಲೇ,” ಎಂದಳು ಚಿಕ್ಕಮ್ಮ. “ರೋಗ ಅಂದ್ಯಲ್ಲ, ಎಲ್ಲಾ ಸತ್ತೋಯ್ತವೆ ಅಂತ ನಿನ್ನೇನೇ ಕೋಳಿ ಅಂಗಡಿಯವ್ನಿಗೆ ಇಡ್ಕೊಟ್ಟೆ.” ಆಮೇಲೆ ಕೇಳಿದಳು: “ನಿನ್ ತಾವಿರೋದು ಬದುಕ್ತದಾ?”

“ಬದುಕ್ತದೆ.”

“ಒಂದಾದ್ರೂ ಉಳ್ಕಂತಲ್ಲ ಬಿಡು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವತ್ತೇ ಮನಸ್ಸು ಗಟ್ಟಿ ಮಾಡಿಕೊಂಡೆ, ಚಿಕ್ಕಮ್ಮನ ಹಿತ್ತಿಲು ಮತ್ತೆ ತುಂಬಬೇಕು. ದಾರದ ತುಂಡುಗಳಿಗೆ ಮುಚ್ಚಳದ ಡಬ್ಬ ಇಟ್ಟೆ. ಗಾಯ ಆರಿದ ಮೇಲೆ ಕೋಳಿಯನ್ನು ಹಿತ್ತಿಲಿನಲ್ಲಿ ಬಿದಿರಿನ ಮಂಕರಿಯ ಕೆಳಗೆ ಮುಚ್ಚಿಟ್ಟು, ಉಳಿದವಕ್ಕೆ ಅದರ ಮುಖ ಅಭ್ಯಾಸವಾಗುವ ತನಕ ಕಾದೆ. ಮೊಟ್ಟೆ ಇಡಲು ಶುರುಮಾಡಿತು. ಒಂದನ್ನೂ ಸಾರಿಗೆ ಹಾಕಲು ಬಿಡಲಿಲ್ಲ. ಕಾವಿಗೆ ಕೂತಾಗ ಹನ್ನೊಂದು ಇಟ್ಟೆ, ಒಂಬತ್ತು ಮರಿಯಾದವು. ಆರಕ್ಕೆ ಬೋಳು ಕತ್ತು.

ಮರಿಗಳು ಬಲಿತ ಮೇಲೆ ತಾಯಿ ಸಮೇತ ಬುಟ್ಟಿಯಲ್ಲಿ ಹಾಕಿಕೊಂಡು, ಹೇಳದೆ ಕೇಳದೆ ಬೇತಮಂಗಲದ ಬಸ್ಸು ಹತ್ತಿದೆ. ಚಿಕ್ಕಮ್ಮ ಮರಿಗಳನ್ನು ಆಮೇಲೆ ನೋಡಿದಳು. ಮೊದಲು ತಾಯಿಯನ್ನು ಎತ್ತಿ, ಕತ್ತಿನ ಬುಡದಲ್ಲಿ ಗಾಯದ ಗುರುತನ್ನು ಹೆಬ್ಬೆರಳಿನಿಂದ ಸವರಿದಳು.

“ಒಲಿಗೆ ಚೆಂದಾಗಿ ಬಂದೈತೆ,” ಎಂದಳು. “ಅಂಗೇ ನಿನ್ ಬಾಯ್ಗೂ ಎಲ್ಡು ಒಲಿಗೆ ಆಕ್ಕಬೌದಿತ್ತಲ್ವೇನೇ?”

ನಗು ಬಂತು, ಅದರ ಹಿಂದೆಯೇ ಅಳು. ಅವಳು ಕೋಳಿಯನ್ನು ಹಿತ್ತಿಲಿಗೆ ಬಿಟ್ಟು, ನನಗೆ ಕಾಫಿ ಇಡಲು ಒಳಗೆ ಹೋದಳು.